ಹಾಡಿಗೆ ತೂಕ ಹಾಕುವ ಮಾವ

ನಮ್ಮ ಸೋದರಮಾವನ ಕಿವಿಗಳು ಸಾಮಾನ್ಯ ಕಿವಿಗಳಲ್ಲ ಎಂಬ ಸತ್ಯ ಇಡೀ ಮದ್ದೂರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಆ ಒಬ್ಬರು ಅವರೇ. ತಬಲ ಬಾರಿಸುವವನು ಉಗುರು ಕತ್ತರಿಸಿಕೊಂಡಿದ್ದಾನೋ ಇಲ್ಲವೋ ಎನ್ನುವುದು ಅವರಿಗೆ ಹಾಡು ಕೇಳಿದರೆ ತಿಳಿಯುತ್ತದಂತೆ. ಅತ್ತೆ ಅಡುಗೆಮನೆಯಿಂದ ಊಟಕ್ಕೆ ಕರೆದದ್ದು ಮಾತ್ರ ತಿಳಿಯುವುದಿಲ್ಲ.

ಮಾವ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸ ಮಾಡಿ ನಿವೃತ್ತರಾದವರು. ಟ್ರಾಕ್ಟರು ಬಂದು ನಿಂತರೆ ಸಾಕು, ಇದರಲ್ಲಿ ಕಬ್ಬೆಷ್ಟು, ಬರೀ ತೂಕಕ್ಕೆಂದು ಸೇರಿಸಿದ ಒಣಗರಿ ಸೋಗೆ ಎಷ್ಟು, ಮಣ್ಣೆಷ್ಟು ಎಂದು ಕಣ್ಣಲ್ಲೇ ಅಳೆದು ಅಷ್ಟನ್ನು ತೂಕದಲ್ಲಿ ಮುರಿದುಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೆ ತೂಗಲು ಏನೂ ಇಲ್ಲವಾಯಿತು. ಮಂಡ್ಯದಿಂದ ಒಂದು ಹಳೇ ಕಂಪ್ಯೂಟರ್ ತಂದು ನಡುಮನೆಯಲ್ಲಿಟ್ಟು ಹಾಡುಗಳನ್ನು ತೂಗಲು ಕೂತರು.

ಗೊತ್ತಿಲ್ಲದವರಿಗೆ ಹೇಳಬೇಕು. ಎಂಪಿ ತ್ರೀ ಎನ್ನುವುದು ಜಾಗ ಉಳಿಸುವುದಕ್ಕಾಗಿ ಹಾಡಿನ ಕೆಲವು ಸದ್ದುಗಳನ್ನು ಬಿಸಾಡಿ ಕಟ್ಟಿದ ಗಂಟು. ಫ್ಲಾಕ್ ಎನ್ನುವುದು ಏನನ್ನೂ ಬಿಸಾಡದೆ ಮಡಿಸಿಟ್ಟ ಗಂಟು. ಅದಕ್ಕೇ ಅದನ್ನು ಲಾಸ್‌ಲೆಸ್ ಅನ್ನುತ್ತಾರೆ. ಇಷ್ಟನ್ನು ಮಾವ ಯಾವುದೋ ವಿಡಿಯೋ ನೋಡಿ ಕಲಿತರು. ಮುಂದಿನದನ್ನು ನೋಡದೆ ಆಫ್ ಮಾಡಿದರು. ನಮ್ಮೆಲ್ಲರ ಕಷ್ಟ ಅಲ್ಲಿಂದ ಶುರು.

"ಒಂದು ಸದ್ದೂ ಲಾಸಾಗ್ಬಾರ್ದು ಕಣ್ಮಗಾ" ಎನ್ನುವ ಈ ಮನುಷ್ಯ ಹುಟ್ಟಿದಾಗಿನಿಂದ ಹಕಾರವನ್ನು ಪೂರ್ತಿ ಲಾಸು ಮಾಡಿಕೊಂಡವರು ಎಂಬುದನ್ನು ಗಮನಿಸಬೇಕು. ಹಳ್ಳಿ ಅವರಿಗೆ ಅಳ್ಳಿ, ಹಾಲು ಆಲು. ಕಂಪ್ಯೂಟರಿನ ಮುಖಪುಟದಲ್ಲಿ ಹಾಡುಗಳನ್ನಿಟ್ಟ ಫೋಲ್ಡರಿಗೂ "ಆಡು" ಎಂದೇ ಹೆಸರಿಟ್ಟಿದ್ದರು. ಮಳವಳ್ಳಿಯಿಂದ ಬಂದ ಅವರ ಸ್ನೇಹಿತರು ಅದನ್ನು ನೋಡಿ, "ಏನ್ಲಾ, ಆಡು ಸಾಕ್ತಿದ್ದೀಯಾ? ಎಲ್ಲಿ ಕಟ್ಟಾಕಿದ್ದೀಯ?" ಎಂದು ಹಿತ್ತಿಲ ಕಡೆ ಕತ್ತು ಚಾಚಿದರು. ನಾನು ಕಾಗುಣಿತ ತಿದ್ದಲು ಹೋದೆ. "ಬುಡು, ಕಂಪ್ಯೂಟ್ರಿಗೆ ಅರ್ಥ ಆಯ್ತದೆ" ಎಂದರು ಮಾವ. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದಿದವಳು, ಸದ್ದಿನ ಬಗ್ಗೆ ಒಂದಿಷ್ಟು ಪಾಠವನ್ನೂ ಕೇಳಿದವಳು. ನನ್ನ ವಿಷಯ ಇಷ್ಟು ಸಾಕು. ಮಾವನಿಗೆ ಇಷ್ಟೂ ಬೇಕಿರಲಿಲ್ಲ.

ಆ ಸ್ನೇಹಿತರನ್ನು ಅವತ್ತು ಎರಡು ಸ್ಪೀಕರುಗಳ ನಡುವೆ ಕೂರಿಸಿದರು. ಒಂದೇ ಹಾಡನ್ನು ಮೊದಲು ಎಂಪಿ ತ್ರೀಯಲ್ಲಿ, ಆಮೇಲೆ ಫ್ಲಾಕಿನಲ್ಲಿ ಕೇಳಿಸಿದರು.

"ಎಂಗದೆ?"

"ಎರಡೂ ಒಂದೇಯ ಕಣ್ಲಾ."

"ನಿನ್ ಕಿವಿ ಎಂಪಿ ತ್ರೀ ಕಣ್ಲಾ."

"ಓಗ್ಲಿ, ಕಾಪಿನಾದ್ರೂ ಲಾಸಾಗ್ದಂಗೆ ಕೊಡ್ಸು."

ಅವತ್ತಿನಿಂದ ಆ ಮನೆಯಲ್ಲಿ ಎಂಪಿ ತ್ರೀ ಒಂದು ಬೈಗುಳ. ತೆಳ್ಳಗಿನ ಸಾಂಬಾರು ಎಂಪಿ ತ್ರೀ, ಸುಳ್ಳು ಹೇಳುವ ನೆಂಟ ಎಂಪಿ ತ್ರೀ, ಉತ್ತರ ಕೊಡದೆ ಸುಮ್ಮನಿರುವ ನಾನು ಮಹಾ ಎಂಪಿ ತ್ರೀ. ಹಾಡು ಕೇಳುವ ಹೊತ್ತಿನಲ್ಲಿ ಫ್ಯಾನು ತಿರುಗುವಂತಿಲ್ಲ, ಮಿಕ್ಸಿ ಹಾಕುವಂತಿಲ್ಲ. "ಚಟ್ನಿ ರುಬ್ಬಕೆ ಲಾಸ್ಲೆಸ್ ಮಿಕ್ಸಿ ತಂದ್ಕೊಡಿ ಅಂಗಾರೆ" ಎಂದು ಅತ್ತೆ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಮುತ್ತತ್ತಿಗೆ ಹರಕೆ ತೀರಿಸಲು ಹೋದಾಗಿನ ಕಥೆ ಇನ್ನೂ ಚೆಂದ. ವ್ಯಾನಿನ ಡ್ರೈವರ್ ಬ್ಲೂಟೂತಿನಲ್ಲಿ ಹಾಡು ಹಾಕಿದ್ದೇ ತಡ, "ಗಾಳಿಲಿ ಬರೋ ಆಡು ದಾರೀಲೇ ಅರ್ಧ ಸೋರೋಯ್ತದೆ, ವಯರ್ ಆಕಪ್ಪ" ಎಂದರು ಮಾವ. ವಯರ್ ಇರಲಿಲ್ಲ. ಮುತ್ತತ್ತಿಯವರೆಗೂ ಇಡೀ ವ್ಯಾನು ಸಾವಿನ ಮನೆಗೆ ಹೊರಟವರ ಹಾಗೆ ಕೂತಿತ್ತು. ಕಾವೇರಿ ದಡದಲ್ಲಿ ಬೇರೆ ಯಾರೋ ದೊಡ್ಡ ಸ್ಪೀಕರ್ ಇಟ್ಟುಕೊಂಡು ಕೋಳಿ ಬೇಯಿಸುತ್ತಿದ್ದರು. ಅವರಿಗೆ ಬುದ್ಧಿ ಹೇಳಿ ಬರುತ್ತೇನೆಂದು ಹೋದ ಮಾವ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈ ಒದ್ದೆಯಾಗಿತ್ತು, ಮೀಸೆಯಲ್ಲಿ ಮಸಾಲೆಯಿತ್ತು. "ಸದ್ದು ಕಚಡ. ಸಾರು ಮಾತ್ರ ಲಾಸ್ಲೆಸ್ಸು" ಎಂದರು.

ಇಷ್ಟಕ್ಕೇ ನಿಂತಿದ್ದರೆ ಹುಚ್ಚು ಎಂದು ಸುಮ್ಮನಾಗಬಹುದಿತ್ತು. ಆದರೆ ಈ ಎಲ್ಲ ತಯಾರಿ ಒಂದೇ ಒಂದು ಹಾಡಿಗಾಗಿ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

ಅತ್ತೆ ಸೋಬಾನೆ ಹಾಡುತ್ತಿದ್ದವರು. ಮದುವೆ ಮನೆಗಳಲ್ಲಿ ಅವರು ದನಿ ತೆಗೆದರೆ ವಾಲಗದವರೂ ಸುಮ್ಮನಾಗುತ್ತಿದ್ದರು. ಆಮೇಲೆ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ದನಿಯೂ ಹೋಯಿತು. ಈಗ ಅವರು ಮಾತಾಡಿದರೆ ಒಣಗಿದ ಸೋಗೆಯ ಮೇಲೆ ಯಾರೋ ನಡೆದ ಹಾಗಿರುತ್ತದೆ. ಹಳೆಯ ದನಿ ಉಳಿದಿದ್ದದ್ದು ಒಂದೇ ಕಡೆ. ಹನಕೆರೆಯ ಒಂದು ಮದುವೆಯಲ್ಲಿ ಯಾರದೋ ಫೋನಿನಲ್ಲಿ ಸೆರೆಯಾಗಿ, ಫೋನಿಂದ ಫೋನಿಗೆ ಹಾರಿ, ಕೊನೆಗೆ ಮಾವನ ಮೆಮೊರಿ ಕಾರ್ಡಿಗೆ ಬಂದು ಬಿದ್ದ ಒಂದು ಬಡಕಲು ಎಂಪಿ ತ್ರೀ. ಡಬ್ಬದೊಳಗೆ ಕೂತು ಹಾಡಿದಂತಿದ್ದ ಅದರ ನಡುವೆ ರೈಲು ಬೇರೆ ಕೂಗಿಕೊಂಡು ಹೋಗುತ್ತದೆ.

"ಇದೊಂದು ಸರಿ ಆಗ್ಬೇಕು ಕಣ್ಮಗಾ" ಎನ್ನುತ್ತಿದ್ದರು ಮಾವ.

ಒಂದು ಮಧ್ಯಾಹ್ನ ನಾನು ಹೋದಾಗ ಮಾವ ಗೆದ್ದ ಪೈಲ್ವಾನನ ಹಾಗೆ ಕೂತಿದ್ದರು. ಆ ಎಂಪಿ ತ್ರೀಯನ್ನು ಫ್ಲಾಕಿಗೆ ಕನ್ವರ್ಟ್ ಮಾಡಿದ್ದರು. "ನೋಡು, ನಾಕು ಎಂಬಿ ಇದ್ದದ್ದು ಮೂವತ್ತು ಎಂಬಿ ಆಗದೆ. ತೂಕ ನೋಡು. ಲಾಸಾಗಿದ್ದೆಲ್ಲ ವಾಪಸ್ ಬಂದದೆ."

"ಕೇಳಿಸುತ್ತಾ ಮಾವ?"

"ಇನ್ನೊಂದ್ ದಪ ಕನ್ವರ್ಟ್ ಮಾಡುದ್ರೆ ಕೇಳುಸ್ತದೆ."

ಫ್ಲಾಕ್ ತನಗೆ ಕೊಟ್ಟದ್ದನ್ನು ಕಳೆಯುವುದಿಲ್ಲ ಅಷ್ಟೇ. ಮೊದಲೇ ಬಿಸಾಡಿದ್ದನ್ನು ಎಲ್ಲಿಂದ ತರುತ್ತದೆ? ಇದನ್ನು ನಾನು ನನ್ನ ಓದಿನ ಭಾಷೆಯಲ್ಲಿ ವಿವರಿಸಿದೆ. ಮಾವ ಕೇಳಿಸಿಕೊಂಡರು, ನಂಬಲಿಲ್ಲ. ಸುಳ್ಳು ತೂಕ ಹಿಡಿಯುವುದರಲ್ಲೇ ಆಯಸ್ಸು ಕಳೆದವರು ತಾವೇ ಒಂದು ಹಾಡಿಗೆ ಸೋಗೆ ಸೇರಿಸಿ ತೂಗುತ್ತಿದ್ದರಲ್ಲ, ಇದಕ್ಕೆ ಏನನ್ನಬೇಕು? ಕೊನೆಗೆ ಅವರ ಭಾಷೆಯಲ್ಲೇ ಹೇಳಿದೆ: "ಮಾವ, ಈ ಗಾಡಿಯಲ್ಲಿರುವ ಕಬ್ಬು ನಾಲ್ಕೇ ಎಂಬಿ. ಮಿಕ್ಕಿದ್ದೆಲ್ಲ ಸೋಗೆ."

ಮಾವ "ಅಂಗಾರೆ ಅವ್ಳ್ ದನಿ ವಾಪಸ್ ಬರಕಿಲ್ಲ ಅನ್ನು" ಎಂದು ಕಂಪ್ಯೂಟರ್ ಆಫ್ ಮಾಡಿದರು.

ಅದರ ಮೇಲೆ ಬಟ್ಟೆ ಹೊದಿಸಿದ್ದಾರೆ ಎಂದು ಅಮ್ಮ ಹೇಳಿದಳು. ನನಗೆ ನೆಮ್ಮದಿಯಾಗಬೇಕಿತ್ತು. ಅತ್ತೆಯೇ ಫೋನು ಮಾಡಿ, "ನೀನೇನ್ ಏಳ್ದವ್ವ ಅವರ್ಗೆ? ಫ್ಯಾನ್ ಹಾಕುದ್ರೂ ಬಯ್ಯಾಕಿಲ್ಲ. ಮನೆ ಬಿಕೋ ಅಂತದೆ" ಎಂದರು. ಮುಂದಿನ ಭಾನುವಾರ ಹೋದೆ.

ಬಾಗಿಲಲ್ಲೇ ಮಾವ ತುಟಿಯ ಮೇಲೆ ಬೆರಳಿಟ್ಟು ತಡೆದರು. ಫ್ಯಾನು ನಿಂತಿತ್ತು. ಫ್ರಿಜ್ಜಿನ ಪ್ಲಗ್ಗು ಕಿತ್ತಿತ್ತು. ಕಂಪ್ಯೂಟರಿನ ಮೇಲಿನ ಬಟ್ಟೆ ಕೆಳಗೆ ಬಿದ್ದಿತ್ತು. ಅದರಿಂದ ಹೊರಟ ಉದ್ದನೆಯ ವಯರು ಅಡುಗೆಮನೆಯ ಹೊಸಲಿನವರೆಗೂ ಹೋಗಿ, ಅಲ್ಲಿ ಮೊರದ ಮರೆಯಲ್ಲಿ ಒಂದು ಮೈಕಾಗಿ ಕೂತಿತ್ತು. ಒಳಗೆ ಅತ್ತೆ ಅವರೆಕಾಯಿ ಸುಲಿಯುತ್ತ, ಯಾರೂ ಇಲ್ಲವೆಂದುಕೊಂಡು, ಆ ಸೋಬಾನೆಯನ್ನು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ಮೇಲಿನ ಸ್ವರ ಬಂದಾಗ ದನಿ ಒಡೆದು ಬರೀ ಉಸಿರಾಗುತ್ತಿತ್ತು. ಆ ಉಸಿರನ್ನೇ ದಾಟಿಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದರು. ಕಾಳು ಪಾತ್ರೆಗೆ ಬೀಳುವ ಸದ್ದು ತಾಳದ ಹಾಗಿತ್ತು.

ಅಷ್ಟರಲ್ಲಿ ಅವರ ಕಣ್ಣಿಗೆ ವಯರು ಬಿತ್ತು.

"ಇದ್ಯಾಕ್ರೀ ಇಲ್ಲಿಗಂಟ ಬಂದದೆ? ನನ್ ಗಂಟ್ಲು ಒಡ್ದೋಗದೆ, ಇದ್ನೇನ್ ಹಿಡ್ಕೊತೀರಿ? ಆ ಹಳೇದು ಇಲ್ವಾ?"

"ಅದ್ರಲ್ಲಿ ಅರ್ಧ ಬಿಸಾಕ್ಬುಟ್ಟವ್ರೆ. ಇದೊಂದಾದ್ರೂ ಪೂರ್ತಿ ಇರ್ಲಿ. ನೀನ್ ಬಯ್ಯದ ನಿಲ್ಲುಸ್ಬೇಡ, ಅದೂ ಬತ್ತಾ ಅದೆ."

ಅತ್ತೆ ಬೈದರು. ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡರು. ಆ ನಗುವೂ ಹಾಗೇ ಇತ್ತು, ಒಡೆದದ್ದು.

ಮಾವ ಅದನ್ನು ಫ್ಲಾಕ್ ಮಾಡಿ, ಹಳೆಯ ಚಾಳಿ ಬಿಡದೆ, ಎಷ್ಟು ಎಂಬಿ ಎಂದು ನೋಡಿದರು. "ಈ ಸಲ ಸೋಗೆ ಇಲ್ಲ ಕಣ್ಮಗಾ. ಪೂರ್ತಿ ಕಬ್ಬೇಯ" ಎಂದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತ, "ಎಸ್ರು ನೀನೇ ಒಡ್ಕೊಡು, ನಂಗೀಗ ಕಾಣುಸ್ತಿಲ್ಲ" ಎಂದು ಕೀಬೋರ್ಡನ್ನು ನನ್ನ ಕಡೆ ತಳ್ಳಿದರು.

"ಏನಂತ ಬರೆಯಲಿ?"

"ಇವಳ ಆಡು ಅಂತ."

ಅವರು ಹೇಳಿದ ಹಾಗೆಯೇ ಬರೆದೆ. ಒಂದಕ್ಷರವನ್ನೂ ತಿದ್ದಲಿಲ್ಲ.