ದ್ವಾರಪಾಲಕನ ಉಪಚಾರ

ಶ್ರಾವಣ ಮುಗಿದ ಮರುದಿನ ಬೆಳಗ್ಗೆ ಶೇಷಗಿರಿರಾಯರು ಹೆಂಡತಿಯನ್ನು ಅಡುಗೆಮನೆಯಿಂದ ಕರೆತಂದು ಹಾಲ್‌ನಲ್ಲಿ ನಿಲ್ಲಿಸಿ, ಷೋಕೇಸಿನ ಮೇಲಿದ್ದ ಟವೆಲ್ಲನ್ನು ಸರ್ರನೆ ಎಳೆದರು. ವನಮಾಲ ಮೊದಲು ಗುರುತಿಸಿದ್ದು ತನ್ನ ಇಡ್ಲಿ ಪಾತ್ರೆಯನ್ನು. ಕಳೆದುಹೋಯಿತೆಂದು ಅವಳು ಹುಡುಕಿ ಹುಡುಕಿ ಕೈಬಿಟ್ಟಿದ್ದ ಪಾತ್ರೆ ಅದು. ಈಗ ಅದರ ಮುಚ್ಚಳದಿಂದ ಹಳೆ ಕೊಡೆಯ ಕಡ್ಡಿಗಳು ಎದ್ದು ನಿಂತಿದ್ದವು, ಹೊಟ್ಟೆಯಲ್ಲಿ ಒಂದು ಕೆಂಪು ದೀಪ ಉರಿಯುತ್ತಿತ್ತು.

"ದ್ವಾರಪಾಲಕ!" ಎಂದರು ರಾಯರು, ಮಗುವಿಗೆ ನಾಮಕರಣ ಮಾಡಿದವರ ಹಾಗೆ.

ರಾಯರು ತಿಪಟೂರಿನ ಪಾಲಿಟೆಕ್ನಿಕ್ ಒಂದರ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾದದ್ದು ಲ್ಯಾಬಿಗೆ ಒಳ್ಳೆಯದಾಯಿತು, ಮನೆಗೆ ವಕ್ಕರಿಸಿತು. ಅವರ ದೋಸೆ ಮಗುಚುವ ಯಂತ್ರ ಮಗುಚಿದ ಮೊದಲ ದೋಸೆ ಇನ್ನೂ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ. ಮಳೆ ಬಂದರೆ ತಾನೇ ಒಳಗೋಡಿ ಬರಲಿ ಎಂದು ಮಾಡಿದ ಬಟ್ಟೆಯ ಹಗ್ಗ, ಪಕ್ಕದ ಮನೆಯವರು ಗಿಡಕ್ಕೆ ನೀರು ಹಾಕಿದರೂ ಒದ್ದೆ ಸೀರೆಗಳ ಸಮೇತ ಹಾಲ್‌ಗೆ ನುಗ್ಗುತ್ತಿತ್ತು. ಇವೆಲ್ಲವನ್ನೂ ವನಮಾಲ ಸಹಿಸಿಕೊಂಡಿದ್ದಳು. ಈ ಸಲ ಮಾತ್ರ ಅವಳಿಗೆ ಎದೆ ಧಸಕ್ಕೆಂದಿತು. ಏಕೆಂದರೆ ಆ ಪಾತ್ರೆಯೊಳಗೆ ಸೇರಿಕೊಂಡಿದ್ದದ್ದು ಮನೆಯ ಬ್ರಾಡ್‌ಬ್ಯಾಂಡ್ ರೂಟರ್, ಮತ್ತು ಅವಳಿಗೆ ಆ ಗುರುವಾರ ಅದು ಬೇಕೇ ಬೇಕಿತ್ತು.

ಪಟ್ಟಣದ ಆ ತುದಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ವಾರ್ಡನ್ ಬೇಕಾಗಿದ್ದರು. ವನಮಾಲ ಅರ್ಜಿ ಹಾಕಿದ್ದಳು. ಟ್ರಸ್ಟಿನ ಮೂವರು ಮೂರು ಊರಿನಲ್ಲಿರುವವರಾದ್ದರಿಂದ ಸಂದರ್ಶನ ವಿಡಿಯೋದಲ್ಲಿ. ಮದುವೆಯಾದ ಹೊಸದರಲ್ಲಿ ಒಂದು ಕೆಲಸಕ್ಕೆ ಕರೆ ಬಂದಾಗ ಮನೆಯಲ್ಲಿ ನೆಂಟರಿದ್ದರು, ಹೋಗಲಾಗಿರಲಿಲ್ಲ. ಆಮೇಲೆ ನೆಂಟರು ಇಲ್ಲದ ದಿನವೇ ಬರಲಿಲ್ಲ. ಈಗ ಐವತ್ತು ದಾಟಿದ ಮೇಲೆ ಮತ್ತೆ ಕರೆ ಬಂದಿತ್ತು. ಇದು ಕೈತಪ್ಪಿದರೆ ಇನ್ನು ಬರುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರ ಬೀದಿ ಇದ್ದದ್ದು ರೈಲು ಹಳಿಯ ಏರಿಯ ಕೆಳಗಿನ ತಗ್ಗಿನಲ್ಲಿ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕು. ಟ್ಯಾಂಕಿನ ಮೇಲೆ ಕುಳಿತವಳಿಗೆ ಯಾರು ತಾನೇ ವಾರ್ಡನ್ ಕೆಲಸ ಕೊಟ್ಟಾರು?

ನಿಜ ಹೇಳಬೇಕೆಂದರೆ ರಾಯರ ಉದ್ದೇಶ ಒಳ್ಳೆಯದೇ. ನೆಟ್ಟಿನ ಸಂಪರ್ಕ ಕೊಡಲು ಬಂದ ಹುಡುಗಿ ರೂಟರ್ ಬಾಕ್ಸಿನ ತಳದಲ್ಲಿ ಅಂಟಿಸಿದ್ದ ಪಾಸ್‌ವರ್ಡ್ ತೋರಿಸಿ, ಇದನ್ನು ಮೊದಲು ಬದಲಾಯಿಸಿ, ಸಿಕ್ಕಸಿಕ್ಕವರಿಗೆ ಹೇಳಬೇಡಿ, ಮನೆಗೆ ಬಂದವರಿಗೆ ಬೇಕಿದ್ದರೆ ಅತಿಥಿಗಳ ಲೈನ್ ಅಂತ ಬೇರೆ ಇದೆ, ಅದನ್ನು ಸ್ವಲ್ಪವೇ ಸ್ವಲ್ಪ ಬಿಡಿ ಎಂದು ಹೇಳಿ ಹೋಗಿದ್ದಳು. ಅತಿಥಿಗೆ ಸ್ವಲ್ಪ ಎಂಬ ಮಾತೇ ವನಮಾಲೆಗೆ ಅರ್ಥವಾಗಲಿಲ್ಲ. ಮೊಸರಿಗೆ ಹೆಪ್ಪು ಕೇಳಿದವರಿಗೆ ಕೊಟ್ಟಂತೆ ಅವಳು ಪಾಸ್‌ವರ್ಡನ್ನೂ ಕೊಟ್ಟಳು. ರಾಯರು ಬದಲಾಯಿಸಿದಾಗಲೆಲ್ಲ ಹೊಸದನ್ನೂ ಕೊಟ್ಟಳು. ಕಡೆಗೆ ರಾಯರು, ಪಾಸ್‌ವರ್ಡೇ ಬೇಡ, ಮನೆಯವರು ಯಾರು, ಹೊರಗಿನವರು ಯಾರು ಅಂತ ಬಾಕ್ಸೇ ನೋಡಿ ತಿಳಿದುಕೊಳ್ಳಲಿ ಎಂದು ಅದಕ್ಕೊಂದು ಕಣ್ಣು, ಒಂದು ಕಿವಿ, ಒಂದಿಷ್ಟು ಬುದ್ಧಿ ಜೋಡಿಸಿ, ಮನೆಯ ರೀತಿನೀತಿ ಕಲಿಯಲೆಂದು ಟವೆಲ್ ಸಂದಿಯಿಂದ ನೋಡುವ ಹಾಗೆ ಷೋಕೇಸಿನ ಮೇಲೆ ಇಟ್ಟರು. ಇಟ್ಟದ್ದು ಶ್ರಾವಣ ಮಾಸದಲ್ಲಿ. ತಪ್ಪಾದದ್ದು ಅಲ್ಲೇ. ಆ ತಿಂಗಳಿಡೀ ಬಾಕ್ಸು ನೋಡಿದ್ದು ಒಂದೇ: ಬರುವ ನೆಂಟರು, ಮತ್ತು ಉಪಚಾರ ಮಾಡುವ ವನಮಾಲ.

ಪ್ರಾತ್ಯಕ್ಷಿಕೆಗೆಂದು ಎದುರುಮನೆಯ ರೇವಣ್ಣನನ್ನು ಕರೆಸಲಾಯಿತು. ರೇವಣ್ಣ ಕೊಬ್ಬರಿ ವ್ಯಾಪಾರಿ, ಫೋನಿನಲ್ಲಿ ಅವನು ನೋಡುವುದು ಕೊಬ್ಬರಿ ರೇಟು ಒಂದೇ. ಅವನು ಹೊಸಿಲು ದಾಟಿದ್ದೇ ತಡ, ಇಡ್ಲಿ ಪಾತ್ರೆ ಹಸಿರು ದೀಪ ಬೆಳಗಿಸಿ, "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದಿತು. ಧ್ವನಿ ವನಮಾಲೆಯದೇ. ಅವಳು ಬೆಚ್ಚಿಬಿದ್ದು ತನ್ನ ಬಾಯಿಯನ್ನು ಮುಟ್ಟಿ ನೋಡಿಕೊಂಡಳು.

ರೇವಣ್ಣನ ಫೋನಿಗೆ ನೆಟ್ಟು ಹರಿದ ಬಗೆ ನೋಡಿ ರಾಯರು ಬೀಗಿದರು. ಆಮೇಲೆ ತಮ್ಮ ಫೋನ್ ತೆಗೆದರು. ಅದರಲ್ಲಿ ಒಂದು ಬಳೆ ಸುಮ್ಮನೆ ಸುತ್ತುತ್ತಿತ್ತು. ವನಮಾಲೆಯ ಫೋನಿನಲ್ಲೂ ಅದೇ ಬಳೆ. ಎಲ್ಲೋ ತಂತಿ ಸಡಿಲವಾಗಿದೆ ಎಂದು ರಾಯರು ಸ್ಕ್ರೂಡ್ರೈವರ್ ಹುಡುಕಿದರು. ವನಮಾಲೆಗೆ ಮಾತ್ರ ತಕ್ಷಣ ಹೊಳೆಯಿತು. ನೆಂಟರ ಊಟವಾಗದೆ ಮನೆಯವರು ಎಲೆ ಮುಂದೆ ಕೂರುವುದುಂಟೇ?

ರೇಟು ನೋಡಿಯಾಯಿತು, ರೇವಣ್ಣ ಎದ್ದ. "ಇಷ್ಟು ಬೇಗನಾ? ಇನ್ನೊಂಚೂರು" ಎಂದಿತು ದ್ವಾರಪಾಲಕ. ಅಷ್ಟೇ ಅಲ್ಲ, ಬಡಿಸಿಯೂ ಬಿಟ್ಟಿತು. ತಿಪಟೂರಿನ ರೇಟಿನ ಮೇಲೆ ಅರಸೀಕೆರೆಯ ರೇಟು, ಅದರ ಮೇಲೆ ಮೆಣಸಿನ ರೇಟು, ಎಣ್ಣೆ ಗಾಣದ ವಿಡಿಯೋ, ತೆಂಗಿನ ನಾರಿನಲ್ಲಿ ಆನೆ ಮಾಡುವ ವಿಡಿಯೋ. ಬೇಡ ಎಂದು ರೇವಣ್ಣ ಕೈ ಅಡ್ಡ ಹಿಡಿದಷ್ಟೂ ಹೆಚ್ಚಾಯಿತು. ಬೇಡ ಎನ್ನುವುದು ಸಂಕೋಚಕ್ಕೆ ಎಂದು ಬಾಕ್ಸು ವನಮಾಲೆಯಿಂದಲೇ ಕಲಿತಿತ್ತು. ರೇವಣ್ಣನ ಫೋನು ಹೊಟ್ಟೆ ಬಿರಿದು ತೆಪ್ಪಗೆ ಆರಿಹೋಯಿತು. ಮನೆಗೆ ಹೋಗಿ ಮತ್ತೆ ಹಚ್ಚಿದರೆ ದ್ವಾರಪಾಲಕ ಅಲ್ಲಿಗೂ ಬಂದು, ಏನೂ ತಗೊಳ್ಳಲೇ ಇಲ್ವಲ್ಲ ಎಂದು ಶುರುಮಾಡಿತು. ಕೊಡೆ ಕಡ್ಡಿಗಳ ಮಹಿಮೆಯೋ ಏನೋ, ಅದರ ಸಿಗ್ನಲ್ಲು ಹಿಡಿದ ನೆಂಟನನ್ನು ಬಿಡುತ್ತಲೇ ಇರಲಿಲ್ಲ.

ಆ ಸಂಜೆ ಪಕ್ಕದ ಮನೆಯ ಸುಮಿತ್ರಕ್ಕ ಕರಿಬೇವು ಕೇಳಲು ಬಂದು ತಾನೂ ಸಿಕ್ಕಿಕೊಂಡಳು. ಆದರೆ ಹೊರಡುವಾಗ ವನಮಾಲ ರೂಢಿಯಂತೆ ಕುಂಕುಮ ಕೊಟ್ಟದ್ದೇ ತಡ, ಬಾಕ್ಸು "ಹೋಗ್ಬನ್ನಿ" ಎಂದು ಅವಳ ಫೋನನ್ನು ಬಿಟ್ಟುಕೊಟ್ಟಿತು. ಗುಟ್ಟು ತಿಳಿಯಿತೆಂದು ರಾಯರು ರೇವಣ್ಣನನ್ನು ಎಳೆದು ತಂದು ಹಣೆ ತುಂಬ ಕುಂಕುಮ ಹಚ್ಚಿಸಿದರು. ಬಾಕ್ಸು ಜಗ್ಗಲಿಲ್ಲ. ಶ್ರಾವಣದಲ್ಲಿ ಬಂದ ಗಂಡಸರು ಬರ್ತೀನಿ ಎಂದು ಎದ್ದು, ಗೇಟಿನ ಹತ್ತಿರ ನಿಂತು ರಾಜಕೀಯ ಮಾತಾಡಿದ್ದೇ ಮಾತಾಡಿದ್ದು. ಗಂಡಸರು ಹೊರಡುತ್ತೇನೆ ಎಂದರೆ ಹೊರಡುವುದಿಲ್ಲ ಎಂದು ಅದು ತಿಳಿದುಕೊಂಡಿದ್ದರೆ ಅದರದ್ದೇನು ತಪ್ಪು?

ಮರುದಿನ ಸಿಲಿಂಡರ್ ತಂದ ನಯಾಜ್ ಸಿಕ್ಕಿಬಿದ್ದ. ಊರೆಲ್ಲ ಸುತ್ತಿದರೂ ಅವನ ಫೋನ್ ಇವರ ಮನೆಯಲ್ಲೇ ಕೂತಿತ್ತು. ಗ್ಯಾಸ್ ಯಾವಾಗ ಬರುತ್ತದೆ ಎಂದು ಫೋನ್ ಮಾಡಿ ಕೇಳಿದವರಿಗೆಲ್ಲ ಹೆಂಗಸೊಬ್ಬಳು ಊಟ ಆಯ್ತಾ ಎಂದು ವಿಚಾರಿಸಿದ್ದರಿಂದ ಅವನ ಹೆಂಡತಿ ತವರಿಗೆ ಹೊರಡುವ ಮಾತಾಡಿದಳಂತೆ. ವನಮಾಲ ತಾನೇ ಅವಳ ಮನೆಗೆ ಹೋಗಿ ವಿಷಯ ತಿಳಿಸಿ ಬರಬೇಕಾಯಿತು. ಇತ್ತ, ರಾಯರ ಮನೆಯಲ್ಲಿ ನೆಟ್ಟು ಬೇಡವೆಂದರೂ ಬಡಿಸುತ್ತಾರೆ ಎಂಬ ಸುದ್ದಿ ಹಬ್ಬಿ, ಸಿಕ್ಕಿಕೊಂಡವರ ಜೊತೆಗೆ ಸಿಕ್ಕಿಕೊಳ್ಳಲೆಂದೇ ಬಂದವರೂ ಸೇರಿ ಬುಧವಾರದ ಹೊತ್ತಿಗೆ ಜಗಲಿ ಭರ್ತಿಯಾಯಿತು. ವನಮಾಲ ಕಾಫಿ ಸೋಸಿ ಸೋಸಿ ಸುಸ್ತಾದಳು. ಫೋನಿನಲ್ಲಿ ಬಳೆ ಸುತ್ತುತ್ತಲೇ ಇತ್ತು.

ಅದನ್ನು ಆರಿಸಿ, ಹಳೆಯ ಬಾಕ್ಸನ್ನೇ ಮತ್ತೆ ಹಾಕಿ ಎಂದು ಅವಳು ಗಂಡನಿಗೆ ಹೇಳಿದಳು. ಹಳೆಯ ಬಾಕ್ಸು ಈಗ ಇಡ್ಲಿ ಪಾತ್ರೆಗೆ ಬೆಸುಗೆಯಾಗಿತ್ತು. ಪ್ಲಗ್ ಕಿತ್ತರೆ ಒಳಗೆ ಬ್ಯಾಟರಿಯಿತ್ತು. ಸಣ್ಣ ತೂತಿನಲ್ಲಿ ಪಿನ್ನು ಚುಚ್ಚಿ ಮೊದಲಿನಂತೆ ಮಾಡೋಣವೆಂದರೆ, ಮತ್ತೆ ಎಲ್ಲ ಕಲಿಯಲು ಮುಂದಿನ ಶ್ರಾವಣದವರೆಗೆ ಕಾಯಬೇಕು ಎಂದರು ರಾಯರು. ಹೇಗಾದರೂ ಸರಿಮಾಡುತ್ತೇನೆ ಎಂದು ಹಿತ್ತಲಿಗೆ ಹೋದರು. ಹಿತ್ತಲಿಂದ ಸುಟ್ಟ ವಾಸನೆ ಬಂತು, ಉಪಾಯ ಬರಲಿಲ್ಲ.

ಗುರುವಾರ ಬೆಳಗ್ಗೆ ವನಮಾಲ ತಿಳಿಹಳದಿ ಸೀರೆಯುಟ್ಟು ಟ್ಯಾಬಿನ ಮುಂದೆ ಕುಳಿತಳು. ಹನ್ನೊಂದಕ್ಕೆ ಸಂದರ್ಶನ. ಜಗಲಿಯಲ್ಲಿ ಯಾರೋ ಕ್ರಿಕೆಟ್ ನೋಡುತ್ತಿದ್ದರು, ಯಾರೋ ಭಜನೆ. ಬಳೆ ಸುತ್ತಿತು. ಆಗ ಬಾಕ್ಸು ಅವಳದೇ ಧ್ವನಿಯಲ್ಲಿ ಮೆತ್ತಗೆ ಹೇಳಿತು:

"ಅವರದ್ದೆಲ್ಲ ಆಗ್ಲಿ. ನಂದೇನು, ಆಮೇಲೆ ಆದ್ರೂ ನಡಿಯತ್ತೆ."

ಎಷ್ಟು ಸಲ ಈ ಮಾತನ್ನು ತಾನು ಆಡಿರಬಹುದು ಎಂದು ಯೋಚಿಸಿ ಅವಳಿಗೆ ಅಳು ಬಂತು. ಅದರ ಬೆನ್ನಿಗೇ ಎಂದೂ ಬಾರದಂಥ ಸಿಟ್ಟೂ ಬಂತು. ಯಾರ ಮೇಲೆ ಎಂದು ಕೇಳಿದ್ದರೆ ತನ್ನ ಮೇಲೇ ಎನ್ನುತ್ತಿದ್ದಳು. ಅವಳು ಟ್ಯಾಬನ್ನು ಎತ್ತಿಕೊಂಡು ನೇರ ಹೊರಗೆ ನಡೆದು, ಚಪ್ಪಲಿ ಮೆಟ್ಟಿ, ಗೇಟು ದಾಟಿ ನಿಂತು ಬೆಲ್ ಒತ್ತಿದಳು. ರಾಯರು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಓಡಿಬಂದರು.

"ಏನೇ ಇದು, ನಮ್ಮನೆ ಬೆಲ್ ನೀನೇ ಒತ್ತೋದು?"

"ಕರೆಯೋರು ಒಬ್ಬರಿದ್ರೆ ತಾನೇ ನಾನು ನೆಂಟಳಾಗೋದು? ಕರೀರಿ. ನಾನು ಕರೆಯೋ ಹಾಗೆ ಕರೀಬೇಕು."

ರಾಯರು ಜನ್ಮದಲ್ಲಿ ಯಾರನ್ನೂ ಕರೆದು ಕೂರಿಸಿದವರಲ್ಲ. ನೆಂಟರ ಸದ್ದು ಕೇಳಿದರೆ ಅವರು ಹಿತ್ತಲು ಸೇರುವವರು. ಈಗ ಬೀದಿಯ ಅರ್ಧ ಜನ ಜಗಲಿಯಿಂದ ನೋಡುತ್ತಿದ್ದರು. ಅವರ ಕಿವಿ ಕೆಂಪಾಯಿತು. ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ತಮಾಷೆ ಇರಲಿಲ್ಲ.

"ಬನ್ನಿ," ಎಂದರು ಕಷ್ಟಪಟ್ಟು. ಗಂಟಲು ಸರಿಮಾಡಿಕೊಂಡು ಮತ್ತೆ, "ಬನ್ನಿ ಬನ್ನಿ, ಒಳಗೆ ಬನ್ನಿ. ಕೂತ್ಕೊಳ್ಳಿ. ನೀರು ತರ್ಲಾ?"

ಒಳಗೆ ಹೋಗಿ ಲೋಟ ಎಲ್ಲಿದೆ ಎಂದು ತಿಳಿಯದೆ ಹಾಲಿನ ಪಾತ್ರೆಯಲ್ಲೇ ನೀರು ತಂದು, ದಾರಿಯುದ್ದಕ್ಕೂ ಚೆಲ್ಲಿ, ಮಿಕ್ಕದ್ದನ್ನು ಅವಳ ಕೈಗೆ ಕೊಟ್ಟರು. ಆಮೇಲೆ ತಾವಾಗಿಯೇ, ಯಾರೂ ಹೇಳಿಕೊಡದೆ, ಜಗಲಿಯ ಕಡೆ ತಿರುಗಿ, "ನೀವೆಲ್ಲ ಸ್ವಲ್ಪ ತಡೀರಿ. ಇವರದ್ದು ಮೊದಲು" ಎಂದರು.

ದ್ವಾರಪಾಲಕನ ದೀಪ ಕೆಂಪಾಯಿತು, ಹಳದಿಯಾಯಿತು, ಏನೋ ಲೆಕ್ಕ ಹಾಕಿದಂತೆ ಗುಂಯ್‌ಗುಟ್ಟಿ ಹಸಿರಾಯಿತು. ಜಗಲಿಯ ಕ್ರಿಕೆಟ್ಟು, ಭಜನೆ ಎಲ್ಲ ಒಟ್ಟಿಗೆ ನಿಂತವು. ಟ್ಯಾಬಿನಲ್ಲಿ ಮೂರು ಮುಖಗಳು ಕಾಣಿಸಿದವು. ಟ್ರಸ್ಟಿನ ವಯಸ್ಸಾದ ಅಧ್ಯಕ್ಷರು, ಒಬ್ಬರು ನಿವೃತ್ತ ಹೆಡ್‌ಮಿಸ್ಸು, ಒಬ್ಬರು ಡಾಕ್ಟರು.

ಅಡುಗೆ, ಆರೋಗ್ಯ, ಹುಡುಗಿಯರ ಜಗಳ, ಎಲ್ಲದರ ಬಗ್ಗೆಯೂ ಕೇಳಿದರು. ವನಮಾಲ ತಡವರಿಸದೆ ಹೇಳುತ್ತ ಹೋದಳು. ಕಡೆಯಲ್ಲಿ ಹೆಡ್‌ಮಿಸ್ಸು, ಹೊತ್ತಲ್ಲದ ಹೊತ್ತಿನಲ್ಲಿ ಹುಡುಗಿಯರ ನೆಂಟರು ಬಂದು ಕೂತರೆ ಏನು ಮಾಡುತ್ತೀರಿ ಎಂದು ಕೇಳಿದರು.

"ನೀರು ಕೊಡ್ತೀನಿ, ಕೂರಿಸ್ತೀನಿ," ಎಂದಳು ವನಮಾಲ. "ಆಮೇಲೆ ಹೊತ್ತಾಯ್ತು, ಇನ್ನು ಹೊರಡಿ ಅಂತೀನಿ. ಹೋದ ವಾರ ಕೇಳಿದ್ರೆ ಈ ಎರಡನೇ ಮಾತು ನನ್ನ ಬಾಯಲ್ಲಿ ಬರ್ತಿರ್ಲಿಲ್ಲ ಮೇಡಂ."

ಮೂವರೂ ನಕ್ಕರು. ತಿಳಿಸುತ್ತೇವೆ ಎಂದು ಅಧ್ಯಕ್ಷರು ಕೈಮುಗಿದು ಕೆಂಪು ಗುಂಡಿ ಒತ್ತಿದರು. ಮುಖ ಹೋಗಲಿಲ್ಲ. ಮತ್ತೆ ಒತ್ತಿದರು. "ಇಷ್ಟು ಬೇಗನಾ? ಕೂತ್ಕೊಳ್ಳಿ" ಎಂಬ ಧ್ವನಿ ಮೂರು ಊರುಗಳಲ್ಲೂ ಕೇಳಿಸಿತು. ಡಾಕ್ಟರ ಕಂಪ್ಯೂಟರಿನಲ್ಲಿ ಎಣ್ಣೆ ಗಾಣದ ವಿಡಿಯೋ ತಾನಾಗಿ ಓಡತೊಡಗಿತು. ಹೊರಗೆ ಪೇಷಂಟುಗಳು ಕಾಯುತ್ತಿದ್ದಾರೆ ಎಂದು ಅವರು ಗೋಗರೆದರು. ಅಧ್ಯಕ್ಷರಂತೂ ಫೋನನ್ನು ದಿಂಬಿನ ಕೆಳಗೆ ಹಾಕಿ ಕೋಣೆಯಿಂದ ಹೊರಗೆ ಬಂದರೆ, ಅವರ ಮನೆಯ ಟೀವಿಯಲ್ಲಿ ತೆಂಗಿನ ನಾರಿನ ಆನೆ ಶುರುವಾಗಿತ್ತು. ರಾಯರು ತಲೆಯ ಮೇಲೆ ಕೈಹೊತ್ತು, ಆಯಿತು, ಕೆಲಸ ಹೋಯಿತು ಎಂದು ಗೋಡೆಗೆ ಒರಗಿದರು.

ವನಮಾಲ ಎದ್ದು ಷೋಕೇಸಿನ ಮುಂದೆ ಹೋಗಿ ನಿಂತಳು. ಸಿಟ್ಟು ಇಳಿದಿತ್ತು. ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು.

"ಸಾಕು. ಬಡಿಸಿದ್ದು ಆಯ್ತು. ಅವರಿಗೂ ಅವರವರ ಕೆಲಸ ಇದೆ. ಕಳಿಸ್ಕೊಡು."

ತನಗೆ ಎಲ್ಲವನ್ನೂ ಕಲಿಸಿದ ಬಾಯಿಂದ ಈ ಮಾತನ್ನು ಬಾಕ್ಸು ಕೇಳಿದ್ದು ಅದೇ ಮೊದಲು. ಅದರ ದೀಪ ಒಮ್ಮೆ ಹಳದಿಯಾಯಿತು. ಆಮೇಲೆ "ಹೋಗ್ಬನ್ನಿ" ಎಂದಿತು. ಮೂರು ಊರುಗಳ ಕರೆಯೂ ಕಡಿಯಿತು. ಎದುರುಮನೆಯಲ್ಲಿ ರೇವಣ್ಣನ ಫೋನು, ಊರಾಚೆ ಎಲ್ಲೋ ನಯಾಜನ ಫೋನು, ಜಗಲಿಯ ಮೇಲಿನ ಅಷ್ಟೂ ಫೋನುಗಳು ಬಿಡುಗಡೆಯಾದವು. ಜಗಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾಫಿ ಲೋಟಗಳನ್ನು ತಾವೇ ಒಳಗಿಟ್ಟು ಹೊರಟರು.

ಕೆಲಸ ಸಿಕ್ಕಿತು. ಎದ್ದು ಹೋಗಲು ಬಿಡುವವರನ್ನು ಕೈಬಿಡಬಾರದು ಎಂದು ಡಾಕ್ಟರು ಹಟ ಹಿಡಿದರಂತೆ.

ದ್ವಾರಪಾಲಕ ಈಗ ಯಾರನ್ನೂ ಹಿಡಿದು ಕೂರಿಸುವುದಿಲ್ಲ. ಒಂದು ವಿಷಯ ಮಾತ್ರ ಅದರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ: ಈ ಮನೆಯಲ್ಲಿ ಕರೆಯುವವರು ರಾಯರು, ಬರುವವಳು ವನಮಾಲ. ಸಂಜೆ ಹಾಸ್ಟೆಲಿನಿಂದ ಅವಳು ಬಂದಾಗ ರಾಯರು ಬಾಗಿಲಿಗೆ ಬಂದು, ಬನ್ನಿ ಕೂತ್ಕೊಳ್ಳಿ ಎಂದು ಹೇಳಿ, ನೀರು ಕೊಟ್ಟು, ಅವಳಿಗೆ ಬೇಕಾದದ್ದನ್ನು ಅವಳು ನೋಡಿ ಮುಗಿಸುವ ತನಕ ಅವರ ಫೋನಿಗೆ ಒಂದು ಹನಿ ನೆಟ್ಟು ಬರುವುದಿಲ್ಲ. ಈಗ ಅವರಿಗೆ ಲೋಟ ಎಲ್ಲಿದೆ ಎಂದು ಗೊತ್ತು. ಕಾಫಿ ಸೋಸುವುದೂ ಒಂದು ಮಟ್ಟಿಗೆ ಬರುತ್ತದೆ.

ಮೊನ್ನೆ ರಾಯರು ಸ್ಕ್ರೂಡ್ರೈವರ್ ಹಿಡಿದು ಷೋಕೇಸಿನ ಹತ್ತಿರ ಹೋದರು. ಇದರಲ್ಲಿ ಏನೋ ದೋಷವಿದೆ, ಬಿಚ್ಚಿ ಸರಿಮಾಡಿಬಿಡುತ್ತೇನೆ ಎಂದರು. ವನಮಾಲ ಸೋಫಾದಲ್ಲಿ ಕಾಲು ಚಾಚಿ ಕುಳಿತು, ಫೋನಿನಿಂದ ಕಣ್ಣೆತ್ತದೆ ಹೇಳಿದಳು.

"ಮುಟ್ಬೇಡಿ. ಇಷ್ಟು ವರ್ಷಕ್ಕೆ ನಿಮ್ಮದೊಂದು ಮಿಷನ್ನು ಸರಿಯಾಗಿ ಕೆಲಸ ಮಾಡ್ತಿದೆ."