ಬೆಲ್ಲಿಯ ಸಲುವಾಗಿ ಸಿಟ್ಟಿಗೆದ್ದವರು

ಹೈನಿನ ಮನೆಯಲ್ಲಿ ದಿನಕ್ಕೊಬ್ಬರಾದರೂ ಸಿಟ್ಟಿಗೇಳದಿದ್ದರೆ ಅವತ್ತು ಯಾರಿಗೋ ಜ್ವರ ಬಂದಿದೆ ಎಂದೇ ತಿಳಿಯಬೇಕು. ಈಗ ನಿವೃತ್ತನಾಗಿ, ಕಲಬುರಗಿಯ ಮನೆಯ ಕಟ್ಟೆಯ ಮೇಲೆ ಕೂತು ಪ್ಯಾಕೀಟು ಹಾಲಿನ ಚಹಾ ಕುಡಿಯುತ್ತೇನೆ. ಪ್ಯಾಕೀಟಿನ ಜೊತೆ ಯಾರೂ ಜಗಳಾಡುವುದಿಲ್ಲ. ಆ ಚಹಾಕ್ಕೆ ರುಚಿಯಿಲ್ಲದಿರುವುದು ಅದಕ್ಕೇ ಇರಬೇಕು.

ತೊಂಬತ್ತರ ದಶಕದ ಮಾತು ಇದು. ಆಗ ನಮ್ಮ ಮನೆ ಕಮಲಾಪುರದಲ್ಲಿ. ಹಿತ್ತಲಲ್ಲಿ ಕೊಟ್ಟಿಗೆ, ಅದರಲ್ಲಿ ಒಂದೆರಡು ಎಮ್ಮೆ, ಒಂದು ಕೆಂಪು ಆಕಳು. ನಾನು ಕಲಬುರಗಿಯ ಕಾಲೇಜೊಂದರಲ್ಲಿ ಗಣಿತದ ಲೆಕ್ಚರರ್. ಮುಂಜಾನೆ ಕ್ಯಾನಿನ ಸಮೇತ ಬಸ್ಸು ಹತ್ತಿ, ಸ್ಟೇಶನ್ ಬಜಾರದ ಒಂದು ಹೋಟೆಲಿಗೆ ಹಾಲು ಹಾಕಿ, ಕೈ ತೊಳೆದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಹಾಲು ಹಿಂಡುವ ಕೆಲಸ ಅಪ್ಪನದು, ಸಿಟ್ಟಾಗುವ ಕೆಲಸವೂ ಹೆಚ್ಚಾಗಿ ಅವರದೇ.

ಆ ಸಂಕ್ರಾಂತಿಗೆ ಆಕಳು ಹೆಣ್ಣು ಕರು ಹಾಕಿತು. ಬೆಲ್ಲದ ಬಣ್ಣದ್ದು ಎಂದು ನನ್ನ ಮಗಳು, ಮಗ ಇಬ್ಬರೂ ಕೂಡಿ ಅದಕ್ಕೆ ಬೆಲ್ಲಿ ಎಂದು ಹೆಸರಿಟ್ಟರು. ಹೆಸರಿಟ್ಟಿದ್ದೇ ತಡ, ಅದರ ಪೂರ್ತಿ ಸಂಸಾರ ತಮ್ಮ ಕೈಗೆ ತಗೊಂಡರು. ಅಪ್ಪ ಮೊದಲ ವಾರದಲ್ಲೇ ಎಚ್ಚರಿಸಿದರು: "ಕರಾ ಸಾಕೋ ನೆವದಾಗ ಹಾಲಿಗೆ ಕೈ ಹಚ್ಚಿದ್ರ, ಆಕಳಾ-ಕರಾ ಎರಡೂ ಮಾರಿ ಕೈ ತೊಳ್ಕೋತೀನಿ, ನೋಡ್ರಿ."

ಗಂಟು

ನಮ್ಮ ಕೊಟ್ಟಿಗೆಯ ಕಾಯಿದೆ ಹೀಗಿತ್ತು: ಮೊದಲು ಕರುವನ್ನು ಬಿಟ್ಟು, ಆಕಳು ಹಾಲು ಇಳಿಸಿದ ಕೂಡಲೇ ಎಳೆದು ಕಟ್ಟಬೇಕು. ಮೂರು ಮೊಲೆ ಮನೆಗೆ, ನಾಲ್ಕನೆಯದು ಕರುವಿಗೆ. ಮಕ್ಕಳಿಗೆ ಈ ಪಾಲು ಒಪ್ಪಿಗೆಯಾಗಲಿಲ್ಲ. "ಅದರ ಅವ್ವನ ಹಾಲು ಅದಕ್ಕ ಒಂದೇ ಪಾಲು ಯಾಕ?" ಎಂದು ಮಗಳು ನನ್ನನ್ನು ಕೇಳಿದಳು. ನಿಮ್ಮ ಮುತ್ಯಾನನ್ನು, ಅಂದರೆ ನಮ್ಮಪ್ಪನನ್ನು, ಕೇಳು ಎಂದೆ. ಆಕೆ ಕೇಳಲಿಲ್ಲ; ಕೇಳುವ ಬದಲು ಬೇರೇನೋ ಮಾಡಿದಳು.

ಒಂದು ಮುಂಜಾನೆ ಅಪ್ಪ ಚರಿಗೆ ಹಿಡಿದು ಹೋದರೆ ಆಕಳ ಕೆಚ್ಚಲು ಖಾಲಿ. ಬೆಲ್ಲಿಯ ಹೊಟ್ಟೆ ಡೊಳ್ಳಿನಂತಾಗಿ, ಬಾಯಿಯ ಸುತ್ತ ಬಿಳಿ ನೊರೆ. ಆದರೆ ಹಗ್ಗ ಕಟ್ಟಿದ ಹಾಗೇ ಇದೆ.

"ಹಗ್ಗ ಬಿಚ್ಚಿದವರು ಯಾರು?" ಅಪ್ಪನ ದನಿಗೆ ಪಕ್ಕದ ಮನೆಯವರೂ ಎದ್ದರು.

"ಅದೇ ಬಿಚ್ಕೊಂಡದ ಮುತ್ಯಾ," ಎಂದ ಮಗ.

"ಹೌದಾ? ಗಂಟ ಬಿಚ್ಚಿ, ಹಾಲು ಕುಡ್ದು, ಬಂದು ಮತ್ತ ಗಂಟ ಹಾಕ್ಕೊಂಡು ನಿಂತದೇನು?"

ಮಗ ಉತ್ತರಕ್ಕಾಗಿ ಅಕ್ಕನ ಮುಖ ನೋಡಿದ. ಆಕೆ ಬೆಲ್ಲಿಯ ಕೊರಳು ತಬ್ಬಿಕೊಂಡು ಹೇಳಿದಳು: "ಇಷ್ಟು ಶಾಣ್ಯಾ ಕರಾ ಯಾರಾದ್ರೂ ಮಾರ್ತಾರೇನು ಮುತ್ಯಾ?"

ಅರ್ಧ ಕ್ಯಾನು

ಅಪ್ಪನ ಸಿಟ್ಟು ಕಮಲಾಪುರದಲ್ಲೇ ಮುಗಿಯಬೇಕಿತ್ತು. ಅದು ನನ್ನ ಜೊತೆ ಬಸ್ಸು ಹತ್ತಿ ಕಲಬುರಗಿಗೆ ಬಂತು. ಹೋಟೆಲಿನ ಮಾಲೀಕ ಮುಸಲ್ಮಾನ, ನನ್ನ ಒಳ್ಳೆಯ ಗೆಳೆಯ. ಎಷ್ಟೋ ವರ್ಷದಿಂದ ನಮ್ಮ ಹಾಲನ್ನೇ ನಂಬಿದವನು. ಒಲೆಯ ಮುಂದೆ ನಿಂತು ಕ್ಯಾನಿನ ಮುಚ್ಚಳ ತೆಗೆದ, ಒಳಗೆ ಇಣುಕಿದ, ನನ್ನನ್ನು ನೋಡಿದ, ಮತ್ತೆ ಇಣುಕಿದ.

"ಸರ್, ಉಳಿದದ್ದು ಎಲ್ಲದ?"

"ಕರು ಕುಡೀತು ಭಾಯಿ."

"ಅರೇ, ರೈಲಿನ್ಯಾಗಿಂದ ಇಳಿದ ಮಂದಿ ಚಾ ಚಾ ಅಂತ ನಿಂತಾರ. ಅವರಿಗಿ ಏನ್ ಹೇಳ್ಲಿ ನಾನು? ಕೂಡ್ರಿ, ಕರಾ ಬರ್ತದ, ಅದಕ್ಕ ಕೇಳ್ರಿ ಅಂತ ಹೇಳ್ಲ್ಯಾ?"

ಇದು ಒಂದು ದಿನದ ಕಥೆಯಾಗಿದ್ದರೆ ನಡೆಯುತ್ತಿತ್ತು. ವಾರಕ್ಕೆ ಎರಡು ಸಲವಾದರೂ ಬೆಲ್ಲಿ ಗಂಟು ಬಿಚ್ಚತೊಡಗಿತು. ಕಡೆಗೊಂದು ದಿನ ಅವನ ತಾಳ್ಮೆ ಕೆಟ್ಟು, ಚಹಾದ ಬೋಗುಣಿಯನ್ನು ಒಲೆಯ ಮೇಲೆ ಕುಕ್ಕಿ ಹೇಳಿದ: "ಆ ಆಕಳು ಕರಾ ಸಮೇತ ನನಗೇ ಕೊಟ್ಟುಬಿಡ್ರಿ ಸರ್. ಊರ ಹೊರಗ ನಮ್ಮ ತಮ್ಮನ ಜಾಗಾ ಅದ, ಅಲ್ಲಿ ಕಟ್ತೀನಿ. ನಿಮ್ಮ ಮನ್ಯಾಗ ಅದಕ್ಕ ಭಾಳ ಮುದ್ದು ಆಗ್ಯಾದ."

ಸಂಜೆ ಇದನ್ನು ಮನೆಯಲ್ಲಿ ಹೇಳಿದೆ. ಅಪ್ಪ ಚರಿಗೆ ತಗೊಂಡು ಕೊಟ್ಟಿಗೆಗೆ ನಡೆದರು. ಮಕ್ಕಳು ಮಾತ್ರ ಆ ಹೋಟೆಲಿನ ಮಾಲೀಕ ಹೇಗಿದ್ದಾನೆ, ದಪ್ಪಗಿದ್ದಾನೋ, ಓಡಿದರೆ ಹಿಡಿಯಬಲ್ಲನೋ ಎಂದು ವಿಚಾರಿಸಿಕೊಂಡರು.

ಹಸಿರು ಕರು

ಆಮೇಲೆ ಹೋಳಿ ಬಂತು. ಬಣ್ಣದ ದಿನ ಊರೆಲ್ಲ ಆಡುವಾಗ ಬೆಲ್ಲಿಯೊಂದೇ ಯಾಕೆ ಸಪ್ಪಗಿರಬೇಕು ಎಂದು ಮಕ್ಕಳಿಗೆ ಅನಿಸಿತು. ಸಂಜೆ ಹಿಂಡುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಕಿವಿಯಿಂದ ಬಾಲದವರೆಗೆ ಹಸಿರಾದ ಒಂದು ಪ್ರಾಣಿ ನಿಂತಿತ್ತು. ಬಿಟ್ಟ ಕೂಡಲೇ ತಾಯಿಯ ಹತ್ತಿರ ಓಡಿತು. ಆಕಳು ಮೂಸಿತು. ಇದು ತನ್ನದಲ್ಲ ಎಂದು ತೀರ್ಮಾನಿಸಿ ಕಾಲೆತ್ತಿ ಒದೆಯಿತು. ಬೆಲ್ಲಿ ಹಿತ್ತಲ ತುಂಬ ಕೂಗುತ್ತ ಓಡಾಡಿತು. ಅದರ ಹಿಂದೆ ಮಕ್ಕಳು ಅಳುತ್ತ ಓಡಾಡಿದರು.

ಅಪ್ಪ ಟವೆಲ್ಲು ನೆಲಕ್ಕೆ ಬಿಸಾಕಿ, ತೋಳೇರಿಸಿ, ಕರುವಿಗೆ ಸ್ನಾನ ಮಾಡಿಸಲು ಕೂತರು. ಎಷ್ಟು ತಿಕ್ಕಿದರೂ ಬಣ್ಣ ಹೋಗಲೊಲ್ಲದು. ಹೋದದ್ದೂ ಬೇರೆಲ್ಲೂ ಹೋಗಲಿಲ್ಲ, ಅವರ ಬಿಳಿ ಧೋತರದ ಮೇಲೇ ಇಳಿಯಿತು. ಬೆಲ್ಲಿ ಒಮ್ಮೆ ಮೈ ಜಾಡಿಸಿತು. ಸಿಟ್ಟಿನಿಂದ ಕೆಂಪಾಗಿದ್ದ ಅಪ್ಪನ ಮುಖ ಹಸಿರಾಯಿತು.

ತೊಳೆದ ಮೇಲೆ ಆಕಳು ಮತ್ತೆ ಮೂಸಿ, ಒಂದಿಷ್ಟು ಅನುಮಾನದಿಂದಲೇ ಕರುವನ್ನು ನೆಕ್ಕಿತು. ಅಪ್ಪ ಸಮಾಧಾನದಿಂದ ಚರಿಗೆ ಹಿಡಿದು ಹಿಂಡಲು ಕೂತರು. ಆಕಳು ತಿರುಗಿ ಅವರನ್ನು ಮೂಸಿತು. ಈ ಹಸಿರು ಮನುಷ್ಯನ ಗುರುತು ಹತ್ತಲಿಲ್ಲ, ಒದೆಯಿತು.

ಅಪ್ಪ ಬಿದ್ದಲ್ಲಿಂದಲೇ ನನಗೆ ಹೇಳಿದರು: "ಆ ಭಾಯಿಗಿ ಐತವಾರ ಬಾ ಅಂತ ಹೇಳು."

ಆಕಳ ಪರೀಕ್ಷೆ

ಕೊಳ್ಳುವವರ ಕಣ್ಣೆದುರಿಗೇ ಹಿಂಡಿ ತೋರಿಸಬೇಕು, ಅದು ನಮ್ಮ ಕಡೆಯ ಪದ್ಧತಿ. ಭಾನುವಾರ ಮುಂಜಾನೆ ಹೋಟೆಲಿನ ಗೆಳೆಯ ಬಂದು ಕೊಟ್ಟಿಗೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಮಕ್ಕಳು ಅತ್ತು ಅತ್ತು ಕಣ್ಣು ಊದಿಸಿಕೊಂಡು ಗೋಡೆಗೆ ಆತು ನಿಂತಿದ್ದರು. ಅಪ್ಪ ಕರು ಬಿಟ್ಟರು, ಕಟ್ಟಿದರು, ಕೆಚ್ಚಲು ತೊಳೆದರು, ಹಿಂಡಿದರು. ಒಂದು ಹನಿ ಇಲ್ಲ. ಆಕಳು ಯಾರನ್ನೋ ಕಾಯುವವರ ಹಾಗೆ ಕಿವಿ ನಿಮಿರಿಸಿಕೊಂಡು ನಿಂತಿತ್ತು.

"ಏನಾಗ್ಯಾದ ಇದಕ್ಕ ಇವತ್ತ?" ಎಂದು ಅಪ್ಪ ಗುಡುಗಿದರು.

ನನ್ನ ಹೆಂಡತಿ ಬಾಗಿಲ ಹಿಂದಿನಿಂದ ಹೇಳಿದಳು: "ಮಕ್ಕಳು ಮಗ್ಗಿ ಅಂದಿಲ್ಲಲ್ರಿ ಮಾವಾ."

ಆಗಲೇ ನಮಗೆ ಹೊಳೆದದ್ದು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿದೆಯೆಂದು, ದಿನಾ ಹಿಂಡುವಾಗ ತಮ್ಮ ಕಣ್ಣೆದುರೇ ನಿಂತು ಮಗ್ಗಿ ಒಪ್ಪಿಸಬೇಕೆಂದು ಅಪ್ಪನೇ ಮಕ್ಕಳಿಗೆ ಕಟ್ಟಪ್ಪಣೆ ಮಾಡಿದ್ದರು. ಆಕಳು ಅದಕ್ಕೆ ಹೊಂದಿಕೊಂಡುಬಿಟ್ಟಿತ್ತು.

"ಅನ್ರಿ ಮಗ್ಗಿ!"

"ಇವತ್ತ ಸಾಲಿ ಸೂಟಿ ಅದ ಮುತ್ಯಾ," ಎಂದಳು ಮಗಳು.

"ನಂಗ ಎಲ್ಲಾ ಮರ್ತದ," ಎಂದ ಮಗ.

ಅಪ್ಪ ನನ್ನತ್ತ ತಿರುಗಿದರು. ಪರರ ಮುಂದೆ ಎರಡರ ಮಗ್ಗಿ ಹೇಳುವುದು ಲೆಕ್ಚರರ್ ಆದವನಿಗೆ ಶೋಭೆಯಲ್ಲ ಎಂದು ನಾನು ಹದಿನೇಳರ ಮಗ್ಗಿ ಎತ್ತಿಕೊಂಡೆ. ಹದಿನೇಳಾರಕ್ಕೆ ತಡವರಿಸಿದೆ, ಹದಿನೇಳೇಳಕ್ಕೆ ನಿಂತೇಬಿಟ್ಟೆ.

"ಕಾಲೇಜಿನ್ಯಾಗ ಏನ್ ಕಲಸ್ತಿ ನೀ?"

"ಅಲ್ಲಿ ಅಂಕಿ ಕಡಿಮಿ ಅಪ್ಪಾ, ಎಕ್ಸ್, ವೈ ಇರ್ತಾವ."

"ಸರ್ಕಾರ ಪಗಾರ ಎಕ್ಸ್, ವೈನಾಗ ಕೊಡಬೇಕಿತ್ತು ನಿನಗ," ಎಂದು ಬೈದು, ಅಪ್ಪ ತಾವೇ ಶುರು ಮಾಡಿದರು. ಅವರು ಕಲಿತದ್ದು ನಿಜಾಮನ ಕಾಲದ ಉರ್ದು ಸಾಲೆಯಲ್ಲಿ. "ಸಾತ್ ಏಕಮ್ ಸಾತ್, ಸಾತ್ ದೂನೀ ಚೌದಾ..." ಕೊಟ್ಟಿಗೆ ನಡುಗುವಂಥ ದನಿ. ಈ ಹೊಸ ಮಗ್ಗಿ ಕೇಳಿ ಆಕಳು ಒಂದು ಹೆಜ್ಜೆ ಹಿಂದೆ ಸರಿಯಿತು. ಅಪ್ಪ ಬಿಡಲಿಲ್ಲ. "ಸಾತ್ ಅಠ್ಠೇ ಚೌವನ್..."

ಏಳೆಂಟಕ್ಕೆ ಐವತ್ತನಾಲ್ಕು ಎಂಬುದನ್ನು ಕೇಳಿ ಕುರ್ಚಿಯಲ್ಲಿದ್ದ ಗೆಳೆಯನಿಗೆ ತಡೆಯಲಾಗಲಿಲ್ಲ. "ಛಪ್ಪನ್ ರೀ ಕಾಕಾ, ಐವತ್ತಾರು."

"ಚೌವನ್!"

"ಛಪ್ಪನ್ ರೀ. ಹೋಟೆಲಿನ್ಯಾಗ ದಿನಾ ಲೆಕ್ಕಾ ಮಾಡ್ತೀನಿ ನಾ."

"ನೀ ಆಕಳಿನ್ನ ನೋಡ್ಲಿಕ್ಕಿ ಬಂದೀದಿ ಏನು ನನ್ನ ಪರೀಕ್ಷಾ ತಗೋಳ್ಲಿಕ್ಕಿ ಬಂದೀದಿ?" ಎಂದು ಅಪ್ಪ ಎದ್ದು ನಿಂತರು. ಆ ಗದ್ದಲಕ್ಕೆ ಆಕಳು ಚರಿಗೆಯನ್ನು ಒದ್ದು ಉರುಳಿಸಿತು.

ಗೆಳೆಯ ಎದ್ದು ಟೋಪಿ ಸರಿಮಾಡಿಕೊಂಡ. "ಕಾಕಾ, ಸಿಟ್ಟಾಗಬ್ಯಾಡ್ರಿ. ಚಾ ಮಾಡೋದು, ಗಲ್ಲಾ ಮ್ಯಾಲ ಕೂಡೋದು, ಅದರ ಮ್ಯಾಲ ಮುಂಜಾನೆದ್ದು ಆಕಳ ಮುಂದ ನಿಂತು ಕನ್ನಡ ಮಗ್ಗಿ ಅನ್ನೋದು, ಇದು ನನ್ನ ಕಡಿಂದ ಆಗಲ್ಲ. ನಿಮ್ಮ ಆಕಳು ನಿಮಗೇ ಇರಲಿ."

ಅವನು ಬಾಗಿಲು ದಾಟುವುದೇ ತಡ, ಮಕ್ಕಳು ಕಣ್ಣೊರೆಸಿಕೊಂಡು ಒಂದೇ ದನಿಯಲ್ಲಿ ಶುರು ಮಾಡಿದರು: "ಎರಡೊಂದ್ಲ ಎರಡು, ಎರಡೆರಡ್ಲ ನಾಕು..." ಆಕಳು ಕಣ್ಣು ಅರೆಮುಚ್ಚಿ ಹಾಲು ಇಳಿಸಿತು. ಅಪ್ಪ ಗೊಣಗುತ್ತ ಹಿಂಡಲು ಕೂತರು.

"ಬೆಲ್ಲಿನ್ನ ಮಾರ್ತೀಯೇನು ಮುತ್ಯಾ?" ಮಗಳು ಮಗ್ಗಿಯ ನಡುವೆಯೇ ಕೇಳಿದಳು.

"ಯಾರಿಗಿ ಮಾರ್ಲಿ? ಹೆಡ್‌ಮಾಸ್ತರಗ ಬಿಟ್ರ ಬ್ಯಾರೆ ಯಾರು ತಗೋತಾರ ಇದಕ್ಕ?"

ಮಕ್ಕಳು ಖುಷಿಯಿಂದ ಮೂರು, ನಾಲ್ಕು, ಐದು ಎಂದು ಏರುತ್ತ ಹೋದರು. ಏಳರ ಮಗ್ಗಿ ಶುರುವಾದಾಗ ಅಪ್ಪನ ಕೈ ನಿಧಾನವಾಯಿತು. ಏಳೆಂಟ್ಲ ಬಂದಾಗ ಕೈ ನಿಂತೇಹೋಯಿತು. ಮಕ್ಕಳು "ಐವತ್ತಾರು" ಎಂದರು. ಅಪ್ಪ ಆಕಳ ಹೊಟ್ಟೆಗೆ ಹಣೆ ಹಚ್ಚಿದರು. ಆಮೇಲೆ ತಲೆ ಎತ್ತದೆಯೇ ನನಗೆ ಹೇಳಿದರು:

"ಬಸ್ಸು ಇನ್ನಾ ಹೋಗಿರಲಿಕ್ಕಿಲ್ಲ. ಓಡಿ ಹೋಗಿ ಆ ಭಾಯಿಗಿ ಹೇಳಿ ಬಾ: ಉರ್ದುನಾಗ ಚೌವನ್ನೇ."