ಹೊನ್ನೂರು ಎಷ್ಟು ದೂರ

ನನ್ನ ದೇಹದಲ್ಲಿ ಏನೇನು ಭಾಗಗಳಿವೆ ಎಂಬುದು ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ ಎಂದು ಒಪ್ಪಿಕೊಂಡುಬಿಡುತ್ತೇನೆ. ಕೈ, ಕಾಲು, ಹೊಟ್ಟೆ ಗೊತ್ತಿತ್ತು. ಹೊಟ್ಟೆಯಂತೂ ಚೆನ್ನಾಗಿಯೇ ಗೊತ್ತಿತ್ತು. ಆದರೆ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ಒಂದು ಮೂಳೆಯಿದೆ, ಅದಕ್ಕೂ ಮುನಿಸು ಬರುತ್ತದೆ ಎಂಬುದು ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಓಡಲು ಶುರುಮಾಡಿದ ಮೇಲೆ. ನಾನು ಯಳಂದೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಕೂತು ಮಾಡುವ ಕೆಲಸವನ್ನು ಕೂತೇ ಮಾಡಿ ರೂಢಿಯಾದವನು. ಡಾಕ್ಟರು ನನ್ನ ಸೊಂಟಕ್ಕೆ ಟೇಪು ಸುತ್ತಿ, ಟೇಪಿನ ಕೊನೆ ಹುಡುಕಿ ಸುಸ್ತಾಗಿ, "ಓಡಿ" ಎಂದರು. ಹೆಂಡತಿ ಸುಮಿತ್ರ ಅದೇ ವಾರ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿ ಶೂ ಕೊಡಿಸಿದಳು. ದಿನಾ ಬೆಳಿಗ್ಗೆ ಹೊನ್ನೂರಿನ ತನಕ ಓಡಿ ಬರಬೇಕು ಎಂದು ಅಪ್ಪಣೆಯಾಯಿತು.

ಮೊದಲ ದಿನ ಏನೂ ನೋಯಲಿಲ್ಲ. ಓಟವೆಂದರೆ ಇಷ್ಟೇನಾ ಎಂದು ಕಚೇರಿಯಲ್ಲಿ ಎದೆಯುಬ್ಬಿಸಿದೆ. ಎರಡನೆಯ ದಿನ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂತವನು ಏಳಲಾಗದೆ ನಲ್ಲಿ ಹಿಡಿದುಕೊಂಡೆ; ನಲ್ಲಿ ಕೈಗೇ ಬಂತು. ಮೂರನೆಯ ದಿನ ಮೀನಖಂಡ ಕಲ್ಲಾಯಿತು. ಆಮೇಲೆ ತೊಡೆಗೆ ತೊಡೆ ಉಜ್ಜಿ ಉರಿ ಬಂತು. ತಲೆಗೆಂದು ತಂದ ಕೊಬ್ಬರಿ ಎಣ್ಣೆ ಎಲ್ಲಿ ಖರ್ಚಾಗುತ್ತಿದೆ ಎಂದು ಮಗಳು ರಶ್ಮಿ ಕೇಳಿದಾಗ ನಾನು ಪೇಪರ್ ಓದುತ್ತಿದ್ದೆ. ತಿಂಗಳಾಗುವುದರೊಳಗೆ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಾಗಿ, ಒಂದು ದಿನ ಕಾಲುಚೀಲದೊಳಗೇ ಉಳಿದುಕೊಂಡಿತು. ಹಸಿವು ಮಾತ್ರ ಎರಡರಷ್ಟಾಯಿತು. ನಿದ್ದೆಯೂ ಹಾಗೆಯೇ. ಅದು ಮನೆಯಲ್ಲಾದರೆ ಚಿಂತೆಯಿರಲಿಲ್ಲ, ಮಧ್ಯಾಹ್ನ ಕಚೇರಿಯಲ್ಲಿ ಬರುತ್ತಿತ್ತು.

ಇಷ್ಟು ನೋವು ತಿಂದವನು ಎಷ್ಟು ಓಡಿದೆ ಎಂದು ನೀವು ಕೇಳಬಾರದು. ನಮ್ಮ ಕಡೆ ಒಂದು ಪದ್ಧತಿಯಿದೆ. ಗುರುತಿನವರು ಕಾಲ್ನಡಿಗೆಯಲ್ಲಿ ಹೋಗುವಾಗ ಗಾಡಿ ನಿಲ್ಲಿಸದವನನ್ನು ಯಾರೂ ಮನುಷ್ಯ ಅನ್ನುವುದಿಲ್ಲ. ನಿಲ್ಲಿಸಿದ ಗಾಡಿಯನ್ನು ಹತ್ತದವನಿಗೆ ಸೊಕ್ಕು ಅನ್ನುತ್ತಾರೆ. ನಾನು ಕಬ್ಬಿನ ಗದ್ದೆಯ ಪಕ್ಕ ಏದುಸಿರು ಬಿಡುತ್ತಾ ಓಡುವುದನ್ನು ಕಂಡವರಿಗೆಲ್ಲ ಕರುಳು ಚುರಕ್ ಎನ್ನುತ್ತಿತ್ತು. "ಯಾಕ್ಸಾ, ಬಸ್ಸು ತಪ್ಪೋಯ್ತಾ? ಅತ್ತಿ, ಅತ್ತಿ!" ವ್ಯಾಯಾಮ ಎಂದರೆ, "ಇರ್ಲಿ ಬುಡಿ ಸಾ, ನಾಳೆ ಮಾಡೀರಂತೆ" ಎನ್ನುತ್ತಿದ್ದರು. ಒಂದು ದಿನ ಹಾಲಿನ ಆಟೋ, ಒಂದು ದಿನ ಟ್ರ್ಯಾಕ್ಟರು. ಗಾಡಿ ಸಿಗುವವರೆಗೆ ಓಟ, ಸಿಕ್ಕ ಮೇಲೆ ಊರಿನ ಮರ್ಯಾದೆ. ಮನೆಯಲ್ಲಿ ಮಾತ್ರ "ಹೊನ್ನೂರಿಗೆ ಹೋಗಿ ಬಂದೆ" ಎನ್ನುತ್ತಿದ್ದೆ. ಹೋಗಿ ಬಂದದ್ದು ಸುಳ್ಳಲ್ಲವಲ್ಲ.

ಆದರೂ ದೇಹ ಇಳಿಯಿತು. ಇಳಿದದ್ದು ಕೆನ್ನೆಯಿಂದ. ಹೊಟ್ಟೆ ಹಳೇ ಗುಮಾಸ್ತನ ಹಾಗೆ ಯಾವ ವರ್ಗಾವಣೆಗೂ ಒಪ್ಪದೆ ಕೂತಲ್ಲೇ ಕೂತಿತು. ಗುಳಿಬಿದ್ದ ಕೆನ್ನೆ, ಕುಂಟು ನಡಿಗೆ ನೋಡಿ ಟೀ ಅಂಗಡಿಯ ಮಹದೇವಣ್ಣ ಒಂದು ದಿನ ಟೀಗೆ ಸಕ್ಕರೆ ಹಾಕುವುದನ್ನು ತಾನಾಗಿಯೇ ಬಿಟ್ಟ. "ಮೈಸೂರಲ್ಲಿ ತೋರ್ಸುದ್ರಾ ಸಾ? ನಮ್ಮ ಭಾವ್ನೂ ಇಂಗೇ ಸೊರಗುದ್ರು, ಪಾಪ" ಎಂದ. ಆ ಭಾವನ ತಿಥಿಯೂಟಕ್ಕೆ ನಾನೇ ಹೋಗಿ ಬಂದಿದ್ದೆ.

ನಕ್ಕು, ಸಕ್ಕರೆಯಿಲ್ಲದ ಟೀ ಕುಡಿದು ಬಂದಿದ್ದೆ. ಆದರೆ ಆಗಲೇ ರಶ್ಮಿಗೆ ಹನೂರಿನ ಪಕ್ಕದ ಶಾಗ್ಯದಿಂದ ಸಂಬಂಧದ ಮಾತು ಬಂದಿತ್ತು. ಹುಡುಗ ಮೇಷ್ಟ್ರು, ಕಾಲೇಜಿನಲ್ಲಿ ಅವಳ ಜೊತೆ ಓದಿದವನು, ಇಬ್ಬರಿಗೂ ಮನಸ್ಸಿತ್ತು. ಬರುತ್ತೇವೆ ಎಂದವರು ಬರಲಿಲ್ಲ. ಮಧ್ಯಸ್ಥಿಕೆಯವರಿಗೆ ಫೋನು ಮಾಡಿದರೆ, "ಉಡುಗಿ ಅಪ್ಪಂಗೆ ಏನೋ ದೊಡ್ಡ ಕಾಯ್ಲೆ, ಮುಚ್ಚಿಟ್ಟವ್ರೆ ಅಂತ ಅವ್ರ ಕಿವಿಗೆ ಬಿದ್ದದೆ ಕಣ್ರಿ" ಎಂದರು. ರಶ್ಮಿ "ಹೋಗ್ಲಿ ಬಿಡಪ್ಪ" ಎಂದು ಒಳಗೆ ಹೋದಳು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. ನನ್ನ ಹೊಟ್ಟೆ ಕರಗಿಸಲು ಹೋಗಿ ಮಗಳ ಹೊಟ್ಟೆಗೆ ಅನ್ನವಿಲ್ಲದ ಹಾಗೆ ಮಾಡಿದೆನಲ್ಲ ಎಂದು ನನಗೆ ನಿಜವಾಗಿಯೂ ಅಳು ಬಂತು. ಓಟ ನಿಲ್ಲಿಸುತ್ತೇನೆ ಎಂದೆ. "ನಿಲ್ಸಿದ್ರೆ ಹಾಸಿಗೆ ಹಿಡಿದ್ರು ಅಂತಾರೆ. ಓಡಿ!" ಎಂದಳು ಸುಮಿತ್ರ.

ಮರುದಿನ ಕುಂಟುತ್ತಾ ಓಡುತ್ತಿದ್ದಾಗ ಹಿಂದಿನಿಂದ ಒಂದು ಮೊಪೆಡ್ ಬಂತು. ಯಾರೋ ಹಿರಿಯರು, ತಲೆಗೆ ಟವಲು ಸುತ್ತಿದ್ದರು, ಗುರುತಿನವರಲ್ಲ. "ಅತ್ತಿ ಸಾ, ವಯಸ್ಸಾದೋರು ಇಂಗೆ ಓಡ್ಬಾರ್ದು" ಎಂದರು. ಹತ್ತಿದೆ. ಯಾವ ಗಳಿಗೆಯೋ ಏನೋ, ಗುರುತಿಲ್ಲದ ಬೆನ್ನು ಕಂಡೊಡನೆ ಮನಸ್ಸಿನಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ಉಗುರು, ಮಂಡಿ, ತೊಡೆಯ ಉರಿ, ಕೊಬ್ಬರಿ ಎಣ್ಣೆ, ದಿನಾ ಹತ್ತುವ ಗಾಡಿಗಳು, ನನ್ನ ಒಣ ಕೆನ್ನೆಯಿಂದ ಮಗಳಿಗೆ ತಪ್ಪುತ್ತಿರುವ ಒಳ್ಳೆಯ ಹುಡುಗ, ಎಲ್ಲವನ್ನೂ ಒಪ್ಪಿಸಿದೆ. ಅವರು "ಊಂ, ಊಂ" ಎನ್ನುತ್ತಾ ಗಾಡಿ ಓಡಿಸಿದರು. ಹೊನ್ನೂರಿನಲ್ಲಿ ಇಳಿಸಿ, ಬಂದ ದಾರಿಯಲ್ಲೇ ವಾಪಸು ಹೊರಟರು. ಹೊನ್ನೂರಿನಲ್ಲಿ ಕೆಲಸವಿಲ್ಲದೆ ಇವರು ಯಾಕೆ ಬಂದರೋ ಎಂದುಕೊಂಡೆ.

ಭಾನುವಾರ ಶಾಗ್ಯದವರು ಬಂದೇಬಿಟ್ಟರು. ಎಲ್ಲರಿಗಿಂತ ಮುಂದೆ ಒಳಗೆ ಬಂದವರು ಹುಡುಗನ ದೊಡ್ಡಪ್ಪ. ತಲೆಯಲ್ಲಿ ಅದೇ ಟವಲು. ಹೆಣ್ಣಿನ ಮನೆಯವರ ಬಗ್ಗೆ ಊರಲ್ಲಿ ಗುಟ್ಟಾಗಿ ವಿಚಾರಿಸಿಕೊಂಡು ಹೋಗಲು ಕೊಳ್ಳೇಗಾಲದ ನೆಂಟರ ಮೊಪೆಡ್ ಇಸಕೊಂಡು ಬಂದವರ ಹಿಂದೆ ನಾನೇ ಹತ್ತಿ ಕೂತು ವಿಚಾರಣೆ ಮುಗಿಸಿಕೊಟ್ಟಿದ್ದೆ!

"ಕಾಯ್ಲೆನೂ ಇಲ್ಲ, ಕಸಾಲೆನೂ ಇಲ್ಲ ಕಣವ್ವ" ಎಂದರು ಅವರು ಸುಮಿತ್ರಳಿಗೆ. "ಬೀಗ್ರು ಇಂದ್ಗಡೆ ಕುಂತಿದ್ದೇ ತಡ, ಗಾಡಿ ಮುಂದುನ್ ಚಕ್ರ ಮ್ಯಾಕ್ಕೇಳ್ತು. ಸೊರಗ್ದೋರು ಕುಂತ್ರೆ ಅಂಗೆ ಏಳ್ತದಾ? ಉಡುಗಿ ನಮ್ಮನೇದು." ಬಾಗಿಲ ಮರೆಯಲ್ಲಿ ರಶ್ಮಿ ನಕ್ಕದ್ದು ಕೇಳಿಸಿತು. ಆ ನಗುವಿಗಾಗಿ ಉಳಿದ ಒಂಬತ್ತು ಉಗುರು ಹೋದರೂ ಚಿಂತೆಯಿಲ್ಲ ಎನಿಸಿತು.

"ಗಾಡಿ? ಯಾವ ಗಾಡಿ?" ಎಂದಳು ಸುಮಿತ್ರ.

"ಅಯ್ಯೋ, ದಿನಾ ಯಾರಾರ ಅತ್ತುಸ್ಕತಾರಂತಲ್ಲವ್ವ, ಅವ್ರೇ ಯೋಳುದ್ರು" ಎಂದು ಆ ಪುಣ್ಯಾತ್ಮರು ಒಬ್ಬಟ್ಟು ಮುರಿದರು.

ಮರುದಿನ ಬೆಳಿಗ್ಗೆ ನಾನು ಶೂ ಕಟ್ಟಿಕೊಂಡು ಹೊರಬಂದರೆ ಸುಮಿತ್ರ ಗೇಟಿನ ಬಳಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ಊರು ದಾಟಿದೊಡನೆ ಹಾಲಿನ ಆಟೋ ನಿಂತಿತು. "ಅತ್ತಿ ಸಾ, ಅತ್ತಿ ಅಕ್ಕಾ!" ಬಂದ ಗಾಡಿಗೆ ಬೇಡ ಎನ್ನಬಾರದಲ್ಲ, ಸುಮಿತ್ರ ಹತ್ತಿ ಕ್ಯಾನುಗಳ ನಡುವೆ ಹಿಂದಕ್ಕೆ ಮುಖ ಮಾಡಿ ಕೂತಳು. "ಅವ್ರು ಓಡ್ಕೊಂಡ್ ಬರ್ತಾರೆ, ನೀನು ಮೆಲ್ಲಗೆ ಹೋಗಪ್ಪ" ಎಂದಳು. ಯಳಂದೂರಿನಿಂದ ಹೊನ್ನೂರು ಎಷ್ಟು ದೂರ ಎಂದು ನನಗೆ ಗೊತ್ತಾದದ್ದು ಅವತ್ತೇ.